ಧೂಳಿಲ್ಲದ ಕಡೆ ಧೂಳು ಕಂಡದ್ದು

ನನ್ನ ಪಿಎಚ್‌ಡಿ ಸಂಶೋಧನೆಯ ಮುಖ್ಯ ಫಲಿತಾಂಶ ತಪ್ಪಾಗಿತ್ತು. ತಪ್ಪೆಂದು ಗೊತ್ತಾದ ಮೇಲೂ ಕೆಲವು ಕಾಲ ಅದನ್ನು ಸರಿಯೆಂದೇ ಹೇಳಿಕೊಂಡು ತಿರುಗಿದೆ. ಹಾಗೆ ಹೇಳಿದ್ದು ನನ್ನ ಹುಟ್ಟೂರು ಐರಣಿಯಲ್ಲಿ, ನನ್ನ ಮಾತನ್ನು ಅಳೆದು ನೋಡುವ ಸಾಧನ ತಮ್ಮ ಕೈಯಲ್ಲಿಲ್ಲದ, ಹಾಗಾಗಿ ಪೂರಾ ನಂಬಿದ ಜನರೆದುರು. ಲೆಕ್ಕದ ತಪ್ಪನ್ನು ಪತ್ರಿಕೆಯಲ್ಲಿ ತಿದ್ದಿ ವರ್ಷಗಳೇ ಆದವು. ಊರಿನಲ್ಲಿ ಆಡಿದ ಮಾತಿನ ಬಗ್ಗೆ ಈಗ ಬರೆಯುತ್ತಿದ್ದೇನೆ.

ವಿಷಯ ಏನೆಂದು ಹೇಳದೆ ತಪ್ಪು ಏನೆಂದು ಹೇಳಲಾಗದು. ಆಕಾಶಗಂಗೆಯ ಸುತ್ತ ಗೋಳಾಕಾರದ ನಕ್ಷತ್ರಗುಚ್ಛಗಳಿವೆ, ಗೊತ್ತಿರುವಂಥವು ಸುಮಾರು 150. ಒಂದೊಂದರಲ್ಲೂ ಲಕ್ಷಗಟ್ಟಲೆ ನಕ್ಷತ್ರಗಳು ಒತ್ತೊತ್ತಾಗಿ ಸೇರಿರುತ್ತವೆ. ಬಹುಪಾಲು ಗುಚ್ಛಗಳ ವಯಸ್ಸು 1200 ಕೋಟಿ ವರ್ಷದ ಆಸುಪಾಸು, ಅಂದರೆ ನಮ್ಮ ಸೂರ್ಯನ ಎರಡೂವರೆ ಪಟ್ಟು. ಅಷ್ಟು ಹಳೆಯ ಕುಟುಂಬದಲ್ಲಿ ಭಾರದ ನಕ್ಷತ್ರಗಳೆಲ್ಲ ಎಂದೋ ಮುಗಿದುಹೋಗಿವೆ. ಈಗ ಮುಪ್ಪಿಗೆ ಬಂದಿರುವವು ಸೂರ್ಯನ ತೂಕದ ಸುಮಾರು 0.8ರಷ್ಟು ಇರುವ ಸಾಧಾರಣ ನಕ್ಷತ್ರಗಳು. ನಡುವಿನ ಹೈಡ್ರೋಜನ್ ತೀರಿದ ಮೇಲೆ ಅವು ಉಬ್ಬುತ್ತವೆ, ಮೇಲ್ಮೈ ತಣ್ಣಗಾಗಿ ಕೆಂಪಾಗುತ್ತದೆ. ಆ ಹಂತದ ತುದಿ ಮುಟ್ಟುವಾಗ ಅಗಲ ಸೂರ್ಯನ ನೂರು ಪಟ್ಟು ದಾಟಿ, ಬೆಳಕು ಎರಡು ಸಾವಿರ ಪಟ್ಟಿನ ಹತ್ತಿರ ಹೋಗಿರುತ್ತದೆ. ಇವೇ ಕೆಂಪು ದೈತ್ಯಗಳು.

ಇಷ್ಟು ಉಬ್ಬಿದ ನಕ್ಷತ್ರಕ್ಕೆ ತನ್ನ ಹೊರಮೈ ಹಿಡಿದಿಟ್ಟುಕೊಳ್ಳುವ ಬಿಗಿ ಇರುವುದಿಲ್ಲ. ಅನಿಲ ಸೋರಿಹೋಗುತ್ತದೆ. ಸೂರ್ಯನಿಂದಲೂ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗಿಂತ ಹೆಚ್ಚು ದ್ರವ್ಯ ಗಾಳಿಯಾಗಿ ಹೊರಡುತ್ತದೆ. ಸೂರ್ಯನ ಗಾತ್ರದೆದುರು ಅದು ಲೆಕ್ಕಕ್ಕಿಲ್ಲ. ತುದಿ ಮುಟ್ಟಿದ ಕೆಂಪು ದೈತ್ಯ ಅದರ ಲಕ್ಷಾಂತರ ಪಟ್ಟು ಕಳೆದುಕೊಳ್ಳುತ್ತದೆ. ಎಷ್ಟು ಕಳೆಯುತ್ತದೆ, ಯಾವಾಗ ಕಳೆಯುತ್ತದೆ, ತಳ್ಳುವ ಬಲ ಯಾವುದು? ನನ್ನ ಸಂಶೋಧನೆ ಈ ಮೂರು ಪ್ರಶ್ನೆಗಳ ಮೇಲಿತ್ತು.

ನಮ್ಮೂರು ತುಂಗಭದ್ರೆಯ ದಂಡೆಯ ಮೇಲಿದೆ. ಹಳೆಯ ಕೋಟೆ, ಹೊಳೆಮಠ, ಹೊಳೆ ದಾಟಿದರೆ ದಾವಣಗೆರೆ ಜಿಲ್ಲೆ. ಇಲ್ಲಿ ನಕ್ಷತ್ರದ ಹೆಸರು ಗೊತ್ತಿಲ್ಲದ ರೈತನಿಲ್ಲ, ಆದರೆ ಗೊತ್ತಿರುವುದು ಮಳೆಯ ಹೆಸರಾಗಿ. ರೋಹಿಣಿ ಮಳಿಗೆ ಬಿತ್ತಬೇಕು, ಆರಿದ್ರಾ ಮಳಿ ಹಿಡಿದರೆ ಬಿಡುವುದಿಲ್ಲ, ಇಂಥ ಮಾತು ಕೇಳುತ್ತಲೇ ಬೆಳೆದೆ. ರೋಹಿಣಿ ಮಳೆ ಬೀಳುವ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಮಗ್ಗುಲಲ್ಲಿ ಅಡಗಿರುವುದರಿಂದ ಅದನ್ನು ಆ ಕಾಲದಲ್ಲಿ ಕಂಡವರೇ ಇಲ್ಲ. ರೋಹಿಣಿ, ಸ್ವಾತಿ ಎರಡೂ ಕೆಂಪು ದೈತ್ಯಗಳು, ಆರಿದ್ರಾ ಮತ್ತು ಜ್ಯೇಷ್ಠಾ ಅವಕ್ಕಿಂತ ಬಹಳ ದೊಡ್ಡವು ಎಂದು ಧಾರವಾಡದಲ್ಲಿ ಎಂಎಸ್‌ಸಿ ಓದುವಾಗ ತಿಳಿದು ಬೆರಗಾದೆ. ಪಂಚಾಂಗದಲ್ಲಿದ್ದ ಹೆಸರುಗಳು ಮುಪ್ಪಾಗುತ್ತಿರುವ, ಮೈ ಸೋರುತ್ತಿರುವ ನಕ್ಷತ್ರಗಳ ಹೆಸರುಗಳಾಗಿದ್ದವು. ಸಂಶೋಧನೆಗೆ ಈ ವಿಷಯ ಹಿಡಿದದ್ದಕ್ಕೆ ಅದೂ ಒಂದು ಕಾರಣ.

ದೈತ್ಯಗಳಿಂದ ದ್ರವ್ಯ ನಿಜವಾಗಿ ಹೊರಟುಹೋಗುತ್ತದೆ ಎಂದು ಗಟ್ಟಿಯಾಗಿ ತೋರಿಸಿದವರು ಆರ್ಮಿನ್ ಡಾಯ್ಚ್, 1956ರಲ್ಲಿ. ಆಲ್ಫಾ ಹರ್ಕ್ಯುಲಿಸ್ ಎಂಬ ಕೆಂಪು ದೈತ್ಯಕ್ಕೆ ಒಂದು ಜೊತೆ ನಕ್ಷತ್ರವಿದೆ. ದೈತ್ಯದಿಂದ ಹೊರಟ ಅನಿಲದ ಗುರುತು ಆ ಜೊತೆಗಾರನ ರೋಹಿತದಲ್ಲೂ ಕಂಡಿತು. ಅಂದರೆ ಅನಿಲ ಅಷ್ಟು ದೂರ ಬಂದಿದೆ, ಅಲ್ಲಿಂದ ಮರಳಿ ಬೀಳುವ ಮಾತಿಲ್ಲ. ಮರುವರ್ಷ ಓಲಿನ್ ವಿಲ್ಸನ್ ಜೊತೆ ನಮ್ಮ ವೇಣು ಬಪ್ಪು ಅವರು, ತಣ್ಣನೆಯ ನಕ್ಷತ್ರಗಳ ಕ್ಯಾಲ್ಸಿಯಂ ರೇಖೆಯ ಅಗಲಕ್ಕೂ ನಕ್ಷತ್ರದ ನಿಜ ಪ್ರಕಾಶಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯನ್ನು ಕಟ್ಟಿದ ಬಪ್ಪು ಅವರೇ. ದೈತ್ಯಗಳ ಹೊರಮೈಯ ಬಗ್ಗೆ ಓದುವ ಯಾರಿಗೂ ಆ ಪ್ರಬಂಧ ತಪ್ಪಿದ್ದಲ್ಲ. 1975ರಲ್ಲಿ ಡೀಟರ್ ರೈಮರ್ಸ್ ಒಂದು ಸರಳ ಸೂತ್ರ ಕೊಟ್ಟರು: ಪ್ರಕಾಶವನ್ನು ತ್ರಿಜ್ಯದಿಂದ ಗುಣಿಸಿ, ತೂಕದಿಂದ ಭಾಗಿಸಿ, ಒಂದು ಸ್ಥಿರಾಂಕ ಹಚ್ಚಿದರೆ ವರ್ಷಕ್ಕೆ ಎಷ್ಟು ಸೋರುತ್ತದೆಂದು ಸಿಗುತ್ತದೆ. ಈ ಸೂತ್ರ ಹುಟ್ಟಿದ್ದು ಸೂರ್ಯನ ನೆರೆಯ, ಲೋಹಾಂಶ (ಹೀಲಿಯಂಗಿಂತ ಭಾರದ ಧಾತುಗಳು) ಹೆಚ್ಚಿರುವ ನಕ್ಷತ್ರಗಳಿಂದ. ಲೋಹಾಂಶ ತೀರ ಕಡಿಮೆ ಇರುವ ಹಳೆಯ ಗುಚ್ಛಗಳಿಗೆ ಅದು ಹೊಂದುತ್ತದೆಯೇ ಎಂಬುದು ತೆರೆದ ಪ್ರಶ್ನೆಯಾಗಿತ್ತು.

2003ರಲ್ಲಿ ಸ್ಪಿಟ್ಜರ್ ಬಾಹ್ಯಾಕಾಶ ದೂರದರ್ಶಕ ಮೇಲೇರಿತು. ಅದು ನೋಡುವುದು ಅವಕೆಂಪು ಬೆಳಕಿನಲ್ಲಿ. ದೈತ್ಯದಿಂದ ಹೊರಟ ಅನಿಲ ತಣಿದು ಧೂಳುಗಟ್ಟಿದರೆ, ಆ ಧೂಳು ನಕ್ಷತ್ರದ ಬಿಸಿಗೆ ಕಾದು ಅವಕೆಂಪಿನಲ್ಲಿ ಹೊಳೆಯುತ್ತದೆ. ಬರೀ ನಕ್ಷತ್ರದಿಂದ ಬರಬೇಕಾದದ್ದಕ್ಕಿಂತ ಹೆಚ್ಚು ಅವಕೆಂಪು ಬೆಳಕು ಬಂದರೆ ಧೂಳಿದೆ ಎಂದರ್ಥ, ಧೂಳಿನ ಪ್ರಮಾಣದಿಂದ ಸೋರಿಕೆಯ ಪ್ರಮಾಣ ಸಿಗುತ್ತದೆ. 2007ರಲ್ಲಿ ಲಿವಿಯಾ ಒರಿಗ್ಲಿಯಾ ಅವರ ತಂಡ 47 ಟುಕಾನೆ ಎಂಬ ಗುಚ್ಛವನ್ನು ಹೀಗೆ ನೋಡಿ, ಧೂಳು ತುದಿಯ ನಕ್ಷತ್ರಗಳಲ್ಲಷ್ಟೇ ಅಲ್ಲ, ಇನ್ನೂ ಮೇಲೇರುತ್ತಿರುವ ಮಸುಕು ದೈತ್ಯಗಳಲ್ಲೂ ಇದೆ, ಸೋರಿಕೆ ರೈಮರ್ಸ್ ಸೂತ್ರ ಹೇಳುವಂತೆ ನಡೆಯುತ್ತಿಲ್ಲ ಎಂದು ಪ್ರಕಟಿಸಿತು.

ನಾನು ಸಂಶೋಧನೆಗೆ ಸೇರಿದ್ದು ಆ ಹೊತ್ತಿನಲ್ಲಿ. ಮತ್ತೊಂದು ಗುಚ್ಛದಲ್ಲಿ ಇದನ್ನೇ ನೋಡು ಎಂದರು ಗೈಡ್. ಸ್ಪಿಟ್ಜರ್ ಚಿತ್ರಗಳು ಸಂಗ್ರಹದಲ್ಲಿ ಎಲ್ಲರಿಗೂ ಸಿಗುತ್ತಿದ್ದವು. ಅಳೆದೆ. ನನ್ನ ಗುಚ್ಛದಲ್ಲೂ ಧೂಳಿನ ದೈತ್ಯಗಳು ಸಾಲುಸಾಲಾಗಿ ಕಂಡವು, ಮಸುಕಿನವುಗಳಲ್ಲೂ. ಆ ರಾತ್ರಿ ಹಾಸ್ಟೆಲಿಗೆ ಹೋಗದೆ ಕಂಪ್ಯೂಟರ್ ಮುಂದೆಯೇ ಕೂತು ಬೆಳಗು ಮಾಡಿದೆ. ಪ್ರಬಂಧ ಬರೆದೆವು, ಅಚ್ಚಾಯಿತು.

ಅಚ್ಚಾಗುವ ಮೊದಲೇ ನನ್ನ ಗುಂಪಿನ ಒಬ್ಬ ಕಿರಿಯ ವಿದ್ಯಾರ್ಥಿನಿ ನಕಾಶೆ ನೋಡಿ ಕೇಳಿದ್ದಳು: "ಈ ಧೂಳಿನ ನಕ್ಷತ್ರಗಳೆಲ್ಲ ಗುಚ್ಛದ ನಡುವೆಯೇ ಯಾಕಿವೆ ಅಣ್ಣಾ? ಅಂಚಿನಲ್ಲಿ ದೈತ್ಯಗಳಿಲ್ಲವಾ?"

ಉತ್ತರ ನನ್ನ ಬಾಯಲ್ಲಿ ಸಿದ್ಧವಿತ್ತು. ಗುಚ್ಛದಲ್ಲಿ ಭಾರದ ನಕ್ಷತ್ರಗಳು ಕಾಲಕ್ರಮದಲ್ಲಿ ಒಳಕ್ಕೆ ಇಳಿಯುತ್ತವೆ, ಹಗುರದವು ಹೊರಕ್ಕೆ ಸರಿಯುತ್ತವೆ. ದೈತ್ಯಗಳು ಉಳಿದವಕ್ಕಿಂತ ತೂಕದವು, ಅದಕ್ಕೇ ನಡುವೆ ಸೇರಿವೆ. ಕೇಳಲು ಸೊಗಸಾದ ಉತ್ತರ. ಅದರ ಮೊದಲರ್ಧ ನಿಜವೂ ಹೌದು. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ. ಒಳಕ್ಕೆ ಇಳಿಯುವುದಾದರೆ ಎಲ್ಲ ದೈತ್ಯಗಳೂ ಒಂದೇ ಬಗೆಯಲ್ಲಿ ಇಳಿಯಬೇಕು, ಧೂಳಿರುವುದೂ ಇಳಿಯಬೇಕು, ಧೂಳಿಲ್ಲದ್ದೂ ಇಳಿಯಬೇಕು. ನಾನು ಹೋಲಿಸಬೇಕಾಗಿದ್ದದ್ದು ಧೂಳಿನ ದೈತ್ಯಗಳನ್ನು ಧೂಳಿಲ್ಲದ ದೈತ್ಯಗಳ ಜೊತೆ. ಹೋಲಿಸಿದ್ದು ಗುಚ್ಛದ ಎಲ್ಲ ನಕ್ಷತ್ರಗಳ ಜೊತೆ. ಸರಿಯಾದ ಹೋಲಿಕೆ ಮಾಡಿದ್ದರೆ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತಿತ್ತು: ಧೂಳಿಲ್ಲದ ದೈತ್ಯಗಳು ಅಂಚಿನವರೆಗೂ ಹರಡಿವೆ, ಧೂಳಿನವು ಮಾತ್ರ ದಟ್ಟಣೆಯಲ್ಲಿವೆ. ದಟ್ಟಣೆಗೂ ಧೂಳಿಗೂ ಏನು ನಂಟು ಎಂಬ ಪ್ರಶ್ನೆ ಅಲ್ಲಿಂದ ತಾನಾಗಿ ಏಳುತ್ತಿತ್ತು.

ನಂಟು ಇದ್ದದ್ದು ದೂರದರ್ಶಕದಲ್ಲಿ. ಸ್ಪಿಟ್ಜರ್‌ನ ಕನ್ನಡಿ 85 ಸೆಂಟಿಮೀಟರ್ ಅಗಲ. ಕನ್ನಡಿ ಸಣ್ಣದಾದಷ್ಟೂ, ಬೆಳಕಿನ ಅಲೆ ಉದ್ದವಾದಷ್ಟೂ ಚಿತ್ರ ಮಸುಕು. 3.6 ಮೈಕ್ರಾನ್ ಚಿತ್ರದಲ್ಲಿ ಒಂದು ನಕ್ಷತ್ರ ಹರಡಿಕೊಳ್ಳುವ ಜಾಗಕ್ಕಿಂತ 8 ಮೈಕ್ರಾನ್ ಚಿತ್ರದಲ್ಲಿ ಹೆಚ್ಚು ಜಾಗಕ್ಕೆ ಹರಡಿಕೊಳ್ಳುತ್ತದೆ. ಗುಚ್ಛದ ನಡುವಿನ ಗಿಜಿಬಿಜಿಯಲ್ಲಿ ಪಕ್ಕದ ನಕ್ಷತ್ರಗಳ ಬೆಳಕು ಎರಡನೆಯದಕ್ಕೆ ಜಾಸ್ತಿ ಬಂದು ಸೇರುತ್ತದೆ. ಆಗ ಆ ನಕ್ಷತ್ರದಲ್ಲಿ ಅವಕೆಂಪು ಬೆಳಕು ಮಿಕ್ಕಿದಂತೆ ತೋರುತ್ತದೆ. ನಾನು ಧೂಳು ಎಂದು ಬರೆದದ್ದು ನೆರೆಹೊರೆಯ ಬೆಳಕನ್ನು.

ಹಬಲ್ ತೆಗೆದ ಅದೇ ಗುಚ್ಛದ ನಿಚ್ಚಳ ಚಿತ್ರಗಳು ಸಂಗ್ರಹದಲ್ಲಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನ ಪಟ್ಟಿಯ ಒಂದೊಂದೇ ನಕ್ಷತ್ರವನ್ನು ನೋಡಬಹುದಿತ್ತು. ಮಾಡಬೇಕು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ ಕೂಡ. ಆಮೇಲೆ ಅದರ ಕೆಳಗೆ ಬೇರೆ ಕೆಲಸಗಳು ಬಂದು ಕೂತವು. ನನ್ನ ಫಲಿತಾಂಶ ಹೆಸರಾದ ತಂಡವೊಂದರ ಫಲಿತಾಂಶಕ್ಕೆ ತಾಳೆಯಾಗಿತ್ತು, ಆದ್ದರಿಂದ ಅವಸರವಿಲ್ಲ ಎನ್ನಿಸಿತು. ತಾಳೆಯಾಗದೆ ಇದ್ದಿದ್ದರೆ ಅದೇ ದಿನ ಪರೀಕ್ಷೆ ಮಾಡುತ್ತಿದ್ದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅವರು ಬಿದ್ದ ಕಡೆಯೇ ನಾನೂ ಬಿದ್ದಿರಬಹುದು, ಇಬ್ಬರೂ ಬಳಸಿದ ಕಣ್ಣು ಒಂದೇ, ಎಂಬ ಯೋಚನೆ ಹತ್ತಿರ ಸುಳಿಯಲಿಲ್ಲ.

ನನ್ನ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆ ಕಿರಿಯ ವಿದ್ಯಾರ್ಥಿನಿ ತನ್ನ ಮೊದಲ ವೀಕ್ಷಣಾ ಪ್ರಸ್ತಾವನೆ ಬರೆದಳು. ನೆಲದ ಮೇಲಿನ ದೊಡ್ಡ ದೂರದರ್ಶಕದಲ್ಲಿ ಅವಳಿಗೆ ಸಮಯ ಸಿಕ್ಕಿತು. ಕೆಲಸದ ಆರಂಭದಲ್ಲಿರುವ ಒಬ್ಬಳಿಗೆ ಅಂಥ ರಾತ್ರಿಗಳು ಎಷ್ಟು ಅಪರೂಪ ಎಂದು ಈ ದಾರಿಯಲ್ಲಿ ನಡೆದವರಿಗೆ ಗೊತ್ತು. ನಾನು ಧೂಳಿನ ದೈತ್ಯ ಎಂದು ಗುರುತಿಸಿದ್ದ ನಕ್ಷತ್ರಗಳು ಅವಳ ಚಿತ್ರದಲ್ಲಿ ಎರಡಾಗಿ, ಮೂರಾಗಿ ಒಡೆದವು. ಪ್ರತಿಯೊಂದೂ ಧೂಳಿಲ್ಲದ ಸಾಮಾನ್ಯ ನಕ್ಷತ್ರ. ಮೊದಲು ನನಗೇ ತೋರಿಸಿದಳು. "ನೀವೇ ಗೈಡ್‌ಗೆ ಹೇಳಿ ಅಣ್ಣಾ, ನಾನು ಹೇಳೋದು ಸರಿ ಅಲ್ಲ" ಎಂದಳು.

ನಾನು ಹೇಳಲಿಲ್ಲ. ಇನ್ನೊಮ್ಮೆ ಅಳೆದು ನೋಡೋಣ ಎಂದೆ. ಅಳೆಯುವುದೇನೂ ಉಳಿದಿರಲಿಲ್ಲ.

ಊರಿನ ಸನ್ಮಾನ ಆ ವಾರಗಳಲ್ಲಿ ಬಂತು. ನಮ್ಮೂರ ಹುಡುಗ ನಕ್ಷತ್ರದ ಮೇಲೆ ಶೋಧ ಮಾಡಿ ಹೊರದೇಶದ ಪತ್ರಿಕೆಯಲ್ಲಿ ಬರೆದಾನ ಎಂದು ಹಿರಿಯರು ಸೇರಿ ಶಾಲು ಹೊದಿಸಿದರು. ಶಾಲೆಯ ಮಕ್ಕಳನ್ನು ಮುಂದೆ ಕೂರಿಸಿದ್ದರು. ಮಾತಾಡು ಎಂದರು. ನನ್ನ ಚೀಲದಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ಅವಳ ಚಿತ್ರಗಳಿದ್ದವು. ನಾನು ಮಾತ್ರ ಹಳೆಯ ನಕಾಶೆಯನ್ನೇ ಪರದೆಯ ಮೇಲೆ ಹಾಕಿ, ಈ ಕೆಂಪು ಚುಕ್ಕಿಗಳೆಲ್ಲ ಧೂಳು ಉಗುಳುವ ನಕ್ಷತ್ರಗಳು, ಇದನ್ನು ಮೊದಲು ಕಂಡವರು ನಾವು ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಅಪ್ಪ ಕೊನೆಯ ಸಾಲಿನಲ್ಲಿ ನಿಂತಿದ್ದ. ಒಬ್ಬ ಹುಡುಗಿ ಎದ್ದು, ಆ ಧೂಳು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಇಲ್ಲದ ಧೂಳು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ವಿವರಿಸಿದೆ. ಅಳತೆಯಲ್ಲಿ ಎಡವಿದ್ದಕ್ಕಿಂತ ಈ ಉತ್ತರ ಕೊಟ್ಟದ್ದು ನನ್ನನ್ನು ಹೆಚ್ಚು ಕಾಲ ನೋಯಿಸಿದೆ.

2010ರಲ್ಲಿ ಮಾರ್ಥಾ ಬಾಯರ್ ಮತ್ತು ಸಂಗಡಿಗರು 47 ಟುಕಾನೆಯ ಸ್ಪಿಟ್ಜರ್ ಚಿತ್ರಗಳನ್ನು ಮತ್ತೆ ಪರಿಶೀಲಿಸಿ ಪ್ರಕಟಿಸಿದರು. ಸೂರ್ಯನ ಸಾವಿರ ಪಟ್ಟಿಗಿಂತ ಕಡಿಮೆ ಬೆಳಗುವ ದೈತ್ಯಗಳಲ್ಲಿ ಧೂಳಿನ ಗುರುತಿಲ್ಲ, ಹಾಗೆ ಕಂಡವು ನಡುವಿನ ದಟ್ಟಣೆಯಲ್ಲಿ ಒಂದಕ್ಕೊಂದು ಬೆರೆತ ನಕ್ಷತ್ರಗಳು ಎಂದು ತೋರಿಸಿದರು. ಅದನ್ನು ಓದಿದ ದಿನ ಗೈಡ್ ಕೋಣೆಗೆ ಹೋಗಿ ಎಲ್ಲ ಹೇಳಿದೆ, ಕಿರಿಯ ವಿದ್ಯಾರ್ಥಿನಿಯ ಚಿತ್ರಗಳು ಎಂದಿನಿಂದ ನನ್ನ ಹತ್ತಿರ ಇದ್ದವು ಎಂಬುದನ್ನೂ ಸೇರಿಸಿ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಅವಳು ತೋರಿಸಿದ ದಿನವೇ ಹೇಳಿದ್ದರೆ ಇದು ಅವಳ ಶೋಧ ಆಗುತ್ತಿತ್ತು, ಗೊತ್ತೇ?" ಗೊತ್ತಿರಲಿಲ್ಲ. ಆ ದಿನಗಳಲ್ಲಿ ನನ್ನ ಹೆಸರಿನ ಬಗ್ಗೆ ಚಿಂತೆ ಮಾಡಿದ್ದೆನೇ ಹೊರತು ಅವಳದ್ದು ಏನು ಹೋಗುತ್ತಿದೆ ಎಂದು ಯೋಚಿಸಿಯೇ ಇರಲಿಲ್ಲ. ಬೇರೆಯವರು ಮೊದಲು ಪ್ರಕಟಿಸಿಬಿಟ್ಟಿದ್ದರು. ನಾವು ತಿದ್ದುಪಡಿ ಬರೆದೆವು, ಅವಳ ಹೆಸರು ಮೊದಲು ಇಟ್ಟು. ಅವಳು ಕಳೆದುಕೊಂಡದ್ದಕ್ಕೆ ಅದು ಈಡಲ್ಲ.

ಊರಿಗೆ ಹೋಗಿ ಹೇಳುವುದು ಇನ್ನೂ ಕಷ್ಟವಾಯಿತು. ಪತ್ರಿಕೆಗಾದರೆ ತಿದ್ದುಪಡಿ ಎಂಬ ಪದ್ಧತಿ ಇದೆ. ಶಾಲು ಹೊದಿಸಿದವರ ಮುಂದೆ ನಿಲ್ಲುವುದಕ್ಕೆ ಅಂಥ ಪದ್ಧತಿ ಇಲ್ಲ. ಮೊದಲು ಅಪ್ಪನಿಗೆ ಹೇಳಿದೆ. ಅವನು ಕಣದಲ್ಲಿ ಮೆಣಸಿನಕಾಯಿ ತಿರುವಿ ಹಾಕುತ್ತಿದ್ದ, ಒಣಗಿದ ಮೇಲೆ ಬ್ಯಾಡಗಿ ಪೇಟೆಗೆ ಒಯ್ಯಬೇಕು. ಅರ್ಧ ಅರ್ಥವಾಯಿತೋ ಇಲ್ಲವೋ, ನಕ್ಷತ್ರದ್ದು ಏನೂ ಹೋಗೋದೇ ಇಲ್ಲೇನು ಹಂಗಾರ ಎಂದು ಕೇಳಿದ. ಹೋಗುತ್ತದೆ, ಧೂಳಾಗಿ ಕಾಣುವುದಿಲ್ಲ ಅಷ್ಟೇ ಎಂದೆ. "ಈ ಕಾಯಿ ಒಳಗಿನ ನೀರು ಹೋಗೋದು ಯಾರ ಕಣ್ಣಿಗೆ ಕಂಡೇತಿ? ಹಸೀದು ತೂಗು, ಒಣಗಿದ್ದು ತೂಗು. ತಕ್ಕಡಿ ಹೇಳ್ತೇತಿ," ಎಂದ.

ಹಣ್ಣು ಮೆಣಸಿನಕಾಯಿ ಒಣಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಬಿಟ್ಟಿರುತ್ತದೆ, ಅದನ್ನು ಯಾರೂ ಆವಿ ನೋಡಿ ಲೆಕ್ಕ ಹಾಕುವುದಿಲ್ಲ. ಅಪ್ಪ ಹೇಳಿದ್ದು ಹೊಸತೇನಲ್ಲ, ಗುಚ್ಛಗಳ ವಿಜ್ಞಾನಿಗಳು ದಶಕಗಳಿಂದ ಹಿಡಿದ ದಾರಿಯೂ ಅದೇ, ನಾನು ಅದನ್ನು ಪುಸ್ತಕದಲ್ಲಿ ಓದಿಯೂ ಇದ್ದೆ. ಆದರೆ ಹೋಗುತ್ತಿರುವುದನ್ನು ಕಣ್ಣಾರೆ ಹಿಡಿಯುವ ಹಂಬಲದಲ್ಲಿ, ಉಳಿದದ್ದನ್ನು ತೂಗುವ ಕೆಲಸ ನನಗೆ ಎರಡನೆಯ ದರ್ಜೆಯದಾಗಿ ಕಂಡಿತ್ತು. ಪ್ರೌಢಪ್ರಬಂಧವನ್ನು ಆ ದಾರಿಯಲ್ಲಿ ಹೊಸದಾಗಿ ಬರೆದೆ. ಗೆಳೆಯರೆಲ್ಲ ಮುಂದೆ ಹೋದರು, ನಾನು ತಡವಾಗಿ ಮುಗಿಸಿದೆ, ಸಂಶೋಧನಾ ಹುದ್ದೆ ಸಿಗಲಿಲ್ಲ. ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ.

ತೂಗುವ ಕೆಲಸದ ಸೊಗಸನ್ನು ಇಲ್ಲಿ ಹೇಳಲೇಬೇಕು. ವೃಶ್ಚಿಕ ರಾಶಿಯ ಜ್ಯೇಷ್ಠಾ ನಕ್ಷತ್ರದ ಪಕ್ಕದಲ್ಲೇ ಎಂ4 ಎಂಬ ಗುಚ್ಛವಿದೆ, ಭೂಮಿಗೆ ತೀರ ಹತ್ತಿರದವುಗಳಲ್ಲೊಂದು, ಸುಮಾರು 6000 ಜ್ಯೋತಿರ್ವರ್ಷ ದೂರ. ಬೇಸಿಗೆಯ ರಾತ್ರಿ ಐರಣಿಯ ಹೊಲದಲ್ಲಿ ನಿಂತು ಬೈನಾಕ್ಯುಲರ್ ಹಿಡಿದರೆ ಮಂಜಿನ ಚುಕ್ಕೆಯಂತೆ ಸಿಗುತ್ತದೆ. ಹರಿಹರ, ಕುಮಾರಪಟ್ಟಣದ ದೀಪಗಳು ಅಷ್ಟೇನೂ ಕಾಡುವುದಿಲ್ಲ. 47 ಟುಕಾನೆ ಮಾತ್ರ ನಮ್ಮ ದಕ್ಷಿಣ ದಿಗಂತಕ್ಕೆ ಅಂಟಿಕೊಂಡೇ ಸಾಗುತ್ತದೆ, ಕಾಣುವುದಿಲ್ಲವೆಂದರೂ ಸೈ. 2014ರಲ್ಲಿ ಕೆಪ್ಲರ್ ದೂರದರ್ಶಕ ಎಂ4ರತ್ತ ತಿಂಗಳುಗಟ್ಟಲೆ ನೋಡಿತು. ದೈತ್ಯಗಳು ಒಳಗಿನಿಂದ ಕಂಪಿಸುತ್ತಿರುತ್ತವೆ, ಅದರಿಂದ ಬೆಳಕು ಅತಿ ಸೂಕ್ಷ್ಮವಾಗಿ ಏರಿಳಿಯುತ್ತದೆ. ಆ ಕಂಪನದ ಗತಿಯಿಂದ ನಕ್ಷತ್ರದ ತೂಕ ಸಿಗುತ್ತದೆ. 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದೈತ್ಯ ಹಂತದ ತುದಿ ಮುಟ್ಟಿ ಹೀಲಿಯಂ ಉರಿಸುವ ಹಂತಕ್ಕೆ ಬರುವಷ್ಟರಲ್ಲಿ ಎಂ4ರ ಒಂದು ನಕ್ಷತ್ರ ಸೂರ್ಯನ ತೂಕದ ಸುಮಾರು 0.17ರಷ್ಟು ಕಳೆದುಕೊಂಡಿರುತ್ತದೆ. ಎಲ್ಲ ಮುಗಿದ ಮೇಲೆ ಉಳಿಯುವ ಶ್ವೇತ ಕುಬ್ಜವನ್ನೂ ಅದೇ ಗುಚ್ಛದಲ್ಲಿ ತೂಗಿದ್ದಾರೆ: 0.53. ಆರಂಭದಲ್ಲಿ 0.8 ಇದ್ದದ್ದು ಮೂರರಲ್ಲೊಂದು ಪಾಲು ಹೊರಗೆ ಚೆಲ್ಲಿ ಅಷ್ಟಕ್ಕೆ ಇಳಿದಿದೆ.

ಹಾಗಾದರೆ ಚೆಲ್ಲಿದ್ದೆಲ್ಲ ಎಲ್ಲಿ? ಸನ್ಮಾನದ ದಿನ ಆ ಹುಡುಗಿ ಕೇಳಿದ್ದು ಇದನ್ನೇ, ಮತ್ತು ಅದು ನಿಜಕ್ಕೂ ದೊಡ್ಡ ಪ್ರಶ್ನೆ. ಗುಚ್ಛವೊಂದು ಆಕಾಶಗಂಗೆಯ ತಟ್ಟೆಯನ್ನು ಹಾದುಹೋಗುವಾಗ ಒಳಗಿನ ಅನಿಲ ಒರೆಸಿಹೋಗುತ್ತದೆ. ಒಂದು ಹಾಯುವಿಕೆಯಿಂದ ಮತ್ತೊಂದಕ್ಕೆ ಹತ್ತು ಕೋಟಿ ವರ್ಷದಷ್ಟು ಬಿಡುವು. ಅಷ್ಟರಲ್ಲಿ ದೊಡ್ಡ ಗುಚ್ಛದಲ್ಲಿ ಹತ್ತಾರು ಸೂರ್ಯರಷ್ಟು ಅನಿಲ ತುಂಬಿಕೊಳ್ಳಬೇಕು. ಹುಡುಕಿದರೆ 47 ಟುಕಾನೆಯಲ್ಲಿ ಪಲ್ಸಾರ್‌ಗಳ ನೆರವಿನಿಂದ 2001ರಲ್ಲಿ ಸಿಕ್ಕಿದ್ದು ಸೂರ್ಯನ ಹತ್ತರಲ್ಲೊಂದು ಪಾಲಿನಷ್ಟು. ಆಗತಾನೇ ಮೈಬಿಚ್ಚಿದ ಬಿಸಿ ಶ್ವೇತ ಕುಬ್ಜಗಳ ನೇರಳಾತೀತ ಬೆಳಕು ಅನಿಲವನ್ನು ಕಾಯಿಸಿ ಗುಚ್ಛದಾಚೆಗೆ ಓಡಿಸುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗಿದೆ. ಐರಣಿಗೆ ಮತ್ತೆ ಹೋಗಿ ಶಾಲೆಯಲ್ಲಿ ಮಾತಾಡಿದಾಗ, ಅಂದು ಹೇಳಿದ್ದು ತಪ್ಪು ಎಂದು ಮೊದಲು ಹೇಳಿ, ಇದನ್ನು ವಿವರಿಸಿದೆ. ಆ ಹುಡುಗಿ ಹೈಸ್ಕೂಲಿಗೆಂದು ಬೇರೆ ಊರಿಗೆ ಹೋಗಿದ್ದಳು. ಅವಳ ಮನೆಗೆ ಹೋಗಿ ಅವ್ವನ ಕೈಗೆ ಒಂದು ಚೀಟಿ ಬರೆದುಕೊಟ್ಟು ಬಂದೆ. ತಲುಪಿತೋ ಇಲ್ಲವೋ.

ಶಾಲು ಹೊದಿಸಿದ ಹಿರಿಯರಲ್ಲಿ ಒಬ್ಬರು ಮುನಿಸಿಕೊಂಡರು, ಇದನ್ನು ಮುಚ್ಚಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು, ಊರ ಮರ್ಯಾದೆ ಕಳೆದೆ ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ.

ತಳ್ಳುವ ಬಲ ಯಾವುದೆಂಬ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಧೂಳಿದ್ದರೆ ಬೆಳಕು ಧೂಳನ್ನು ತಳ್ಳಿ, ಧೂಳು ಅನಿಲವನ್ನು ಎಳೆದೊಯ್ಯುತ್ತದೆ. ಆರಿದ್ರಾ 2019ರ ಕೊನೆಯಿಂದ ಕೆಲವು ತಿಂಗಳು ಮಂಕಾದಾಗ ಅದು ಹೊರಚೆಲ್ಲಿದ ದ್ರವ್ಯ ಧೂಳುಗಟ್ಟಿದ್ದನ್ನು ಜಗತ್ತೇ ನೋಡಿತು. ಆದರೆ ಲೋಹಾಂಶ ತೀರ ಕಡಿಮೆ ಇರುವ ಹಳೆಯ ಗುಚ್ಛಗಳ ಮಸುಕು ದೈತ್ಯಗಳಲ್ಲಿ ಧೂಳೇ ಇಲ್ಲದೆ ತೂಕ ಹೋಗುತ್ತಿದೆ. ಹೊರಮೈಯ ಕಾಂತಕ್ಷೇತ್ರದ ಅಲೆಗಳು ತಳ್ಳುತ್ತವೆ ಎನ್ನುವವರಿದ್ದಾರೆ. ಇತ್ತ 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್‌ನಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ, ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ದೈತ್ಯ ಹಂತದಲ್ಲಿ ಮೈ ಹೆಚ್ಚು ಕಳೆದುಕೊಂಡ ನಕ್ಷತ್ರ ಹೀಲಿಯಂ ಉರಿಸುವಾಗ ತೆಳುವಾದ ಹೊದಿಕೆಯಲ್ಲಿ ಹೆಚ್ಚು ಬಿಸಿಯಾಗಿ, ನೀಲಿಯಾಗಿರುತ್ತದೆ. ಎನ್‌ಜಿಸಿ 288, ಎನ್‌ಜಿಸಿ 1851ರಂಥ ಗುಚ್ಛಗಳಲ್ಲಿ ಆ ಬಿಸಿ ನಕ್ಷತ್ರಗಳನ್ನು ಯುವಿಐಟಿ ನೋಡಿದೆ. ನೇರಳಾತೀತದಲ್ಲಿ ತಣ್ಣನೆಯ ಕೆಂಪು ದೈತ್ಯಗಳು ಹೆಚ್ಚುಕಡಿಮೆ ಮಾಯವಾಗುವುದರಿಂದ ನಡುವಿನ ದಟ್ಟಣೆ ತಾನಾಗಿ ತೆರವಾಗುತ್ತದೆ. ನನ್ನನ್ನು ಕೆಡಿಸಿದ ಅದೇ ದಟ್ಟಣೆ! ಆ ಚಿತ್ರಗಳು ಸಾರ್ವಜನಿಕ ಸಂಗ್ರಹದಲ್ಲಿ ಸಿಗುತ್ತವೆ, ಕಾಲೇಜಿನ ಆಸಕ್ತ ಮಕ್ಕಳ ಜೊತೆ ಕೂತು ನೋಡುತ್ತೇನೆ.

ನನ್ನ ಹಳೆಯ ಪಟ್ಟಿ ಮಾತ್ರ ಇನ್ನೂ ಓಡಾಡುತ್ತಿದೆ. ಅಚ್ಚಾದದ್ದು ಅಳಿಯುವುದಿಲ್ಲ, ತಿದ್ದುಪಡಿ ಅದರ ಹಿಂದೆಯೇ ಹೋಗುವುದೂ ಇಲ್ಲ. ಆಗೀಗ ಯಾವುದೋ ದೇಶದ ವಿದ್ಯಾರ್ಥಿ ಆ ನಕ್ಷತ್ರಗಳ ಅಳತೆ ಕೇಳಿ ಬರೆಯುತ್ತಾನೆ. ಅವತ್ತೇ ಉತ್ತರ ಬರೆದು ತಿದ್ದುಪಡಿಯ ಪ್ರತಿಯನ್ನೂ ಆ ಕಿರಿಯ ವಿದ್ಯಾರ್ಥಿನಿ ತೆಗೆದ ಚಿತ್ರಗಳನ್ನೂ ಕಳಿಸುತ್ತೇನೆ, ಚಿತ್ರ ಮೊದಲು ನೋಡು, ಆಮೇಲೆ ಪಟ್ಟಿ ತೆರೆ ಎಂದು. ಅವಳ ವಿಳಾಸವನ್ನೂ ಕೊಡುತ್ತೇನೆ, ಪ್ರಶ್ನೆಗಳಿದ್ದರೆ ಅವಳನ್ನೇ ಕೇಳಲಿ ಎಂದು.